ಒಂದು ಪಿನ್ನಿಗೆ ಹದಿನೈದು ವರ್ಷ: ಚಾರ್ಜರ್ ಒಪ್ಪಂದದ ಹಿಂದಿನ ಕಥೆ

ಒಂದು ಕಾಲಕ್ಕೆ ಮೆಜೆಸ್ಟಿಕ್ ಫುಟ್‌ಪಾತ್‌ನಲ್ಲಿ ಒಂದು ವಿಚಿತ್ರ ವೈರ್ ಮಾರುತ್ತಿದ್ದರು, ನೆನಪಿದೆಯಾ? ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಎಂಟೋ ಹತ್ತೋ ಪಿನ್‌ಗಳ ಗೊಂಚಲು. ನೋಕಿಯಾ ಸಣ್ಣ ಪಿನ್, ನೋಕಿಯಾ ದಪ್ಪ ಪಿನ್, ಸ್ಯಾಮ್‌ಸಂಗ್‌ದು ಬೇರೆ, ಸೋನಿ ಎರಿಕ್ಸನ್‌ದು ಇನ್ನೂ ಬೇರೆ. ಮದುವೆ ಮನೆಯಲ್ಲಿ "ಸಣ್ಣ ಪಿನ್ ಚಾರ್ಜರ್ ಯಾರ ಹತ್ರ ಇದೆ?" ಅಂತ ಕೋಣೆಯಿಂದ ಕೋಣೆಗೆ ಅಲೆಯುವುದು ಆಗ ಮಾಮೂಲಿ. ಈಗ "ಸಿ ಟೈಪ್ ಇದೆಯಾ?" ಅಂದರೆ ಸಾಕು, ಮೂರು ಕೈ ಮುಂದೆ ಬರುತ್ತವೆ.

ಇದು ತಾನಾಗಿ ಆದದ್ದಲ್ಲ. ಕಂಪನಿಗಳ ಸಂಘಗಳು, ಮಾನಕ (ಅಂದರೆ ಸ್ಟ್ಯಾಂಡರ್ಡ್) ಬರೆಯುವ ಸಂಸ್ಥೆಗಳು, ಸರ್ಕಾರಗಳು ಮೇಜಿನ ಸುತ್ತ ಕೂತು ಹದಿನೈದು ವರ್ಷ ಎಳೆದಾಡಿದ ಮೇಲೆ ಆದದ್ದು. ಆ ಮೇಜಿನ ಸುತ್ತ ಯಾರು ಇದ್ದರು, ಯಾರು ಇರಲಿಲ್ಲ ಅನ್ನುವುದು ನಮ್ಮ ಮನೆಯ ಡ್ರಾಯರಿಗೂ ಸಂಬಂಧಪಟ್ಟ ವಿಷಯ.

ಮೊದಲು ಗಟ್ಟಿ ಹೆಜ್ಜೆ ಇಟ್ಟ ದೊಡ್ಡ ದೇಶಗಳಲ್ಲಿ ಚೀನಾ ಒಂದು. 2006ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಒಂದು ಮಾನಕ ತಂದಿತು. ಅದು ಫೋನಿನ ಕಡೆಯ ಪಿನ್ ಗೊಡವೆಗೆ ಹೋಗಲಿಲ್ಲ. ಚಾರ್ಜರ್ ಕಡೆಗೆ ಯುಎಸ್‌ಬಿ ಸಾಕೆಟ್ ಇರಬೇಕು, ವೈರ್ ಬಿಚ್ಚಿ ತೆಗೆಯುವಂತಿರಬೇಕು ಅಂದಿತು, ಅಷ್ಟೇ. ಸಣ್ಣ ಮಾತು ಅನಿಸಬಹುದು. ಆದರೆ ಚಾರ್ಜರ್‌ನಲ್ಲಿ ಮೊದಲು ಹಾಳಾಗುವುದು ಯಾವುದು? ವೈರ್, ಅದೂ ಪಿನ್ ಹತ್ತಿರ ಮಡಚುವ ಜಾಗದಲ್ಲಿ. ವೈರ್ ಬೇರೆಯಾದರೆ ಅದನ್ನಷ್ಟೇ ಬದಲಾಯಿಸಬಹುದು, ಡಬ್ಬಿ ಉಳಿಯುತ್ತದೆ.

ಅದೇ ಮಾನಕದಲ್ಲಿ ಇನ್ನೊಂದು ಜಾಣತನವಿತ್ತು. ಯುಎಸ್‌ಬಿಯಲ್ಲಿ ಕರೆಂಟಿಗೆ ಎರಡು ತಂತಿ, ಡೇಟಾಗೆ ಎರಡು ತಂತಿ. ಚಾರ್ಜರ್‌ಗೆ ಡೇಟಾ ಕೆಲಸ ಇಲ್ಲವಲ್ಲ, ಆ ಎರಡನ್ನೂ ಚಾರ್ಜರ್ ಒಳಗೇ ಒಂದಕ್ಕೊಂದು ಸೇರಿಸಿಬಿಡಿ ಅಂದರು. ಫೋನ್ ಅದನ್ನು ನೋಡಿ "ಇದು ಕಂಪ್ಯೂಟರ್ ಅಲ್ಲ, ಗೋಡೆಯ ಚಾರ್ಜರ್, ಜಾಸ್ತಿ ಕರೆಂಟ್ ಎಳೆಯಬಹುದು" ಅಂತ ತಿಳಿದುಕೊಳ್ಳುತ್ತದೆ. ಇದೇ ಉಪಾಯ ಯುಎಸ್‌ಬಿಯ ಚಾರ್ಜಿಂಗ್ ನಿಯಮಗಳಲ್ಲೂ ಇದೆ.

ಯುಎಸ್‌ಬಿ ಅನ್ನುವುದೇ ಕಂಪನಿಗಳ ಕೂಟದ ಕೂಸು. ಇಂಟೆಲ್‌ನಲ್ಲಿ ಈ ಕೆಲಸ ಮುನ್ನಡೆಸಿದವರು ಬರೋಡಾದಲ್ಲಿ ಓದಿದ ಅಜಯ್ ಭಟ್. ಅದನ್ನು ನೋಡಿಕೊಳ್ಳಲು 1995ರಲ್ಲಿ ಕಂಪನಿಗಳೇ ಸೇರಿ ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಂ ಕಟ್ಟಿದವು. ಇದು ಸರ್ಕಾರದ ಸಂಸ್ಥೆ ಅಲ್ಲ. ಇದಕ್ಕಿಂತ ಬೇರೆ ಬಗೆಯದು ಐಇಸಿ, ಅಂದರೆ 1906ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ. ಅಲ್ಲಿ ಸದಸ್ಯರಾಗಿರುವುದು ದೇಶಗಳ ಸಮಿತಿಗಳು. ನಮ್ಮ ಕಡೆಯಿಂದ ಅಲ್ಲಿ ಕೂರುವುದು ಬಿಐಎಸ್, ಅದೇ ಐಎಸ್‌ಐ ಗುರುತು ಹಾಕುವ ಭಾರತೀಯ ಮಾನಕ ಬ್ಯೂರೋ.

ಇನ್ನು ಯುರೋಪಿಗೆ ಬರೋಣ. ಅಲ್ಲಿ ಆಗ ಸುಮಾರು 30 ಬಗೆಯ ಚಾರ್ಜರ್‌ಗಳಿದ್ದವು. ನೀವೇ ಒಪ್ಪಂದಕ್ಕೆ ಬನ್ನಿ, ಇಲ್ಲದಿದ್ದರೆ ಕಾನೂನು ಬರುತ್ತದೆ ಅಂತ ಯುರೋಪಿಯನ್ ಆಯೋಗ ಕಂಪನಿಗಳ ಮೇಲೆ ಒತ್ತಡ ಹಾಕಿತು. 2009ರ ಫೆಬ್ರವರಿಯಲ್ಲಿ ಮೊಬೈಲ್ ಕಂಪನಿಗಳ ಜಾಗತಿಕ ಸಂಘ ಜಿಎಸ್‌ಎಂಎ ಬಾರ್ಸಿಲೋನಾದಲ್ಲಿ ಒಂದೇ ಚಾರ್ಜರ್ ಯೋಜನೆ ಘೋಷಿಸಿತು. ಜೂನ್‌ನಲ್ಲಿ ನೋಕಿಯಾ, ಸ್ಯಾಮ್‌ಸಂಗ್, ಆಪಲ್ ಸೇರಿ 10 ಕಂಪನಿಗಳು ಒಪ್ಪಂದಕ್ಕೆ ಸಹಿ ಹಾಕಿದವು, ಆಮೇಲೆ ಅದು 14 ಆಯಿತು. ಆರಿಸಿದ್ದು ಮೈಕ್ರೋ ಯುಎಸ್‌ಬಿ, ನಮ್ಮ ಅಂಗಡಿಗಳಲ್ಲಿ "ವಿ8 ಪಿನ್" ಅಂತಲೂ ಕರೆಯುತ್ತಿದ್ದ ಪಿನ್. ಅದನ್ನು ಯುರೋಪಿನ ಮಾನಕ ಸಂಸ್ಥೆಗಳು 2010ರ ಕೊನೆಗೆ ಮಾನಕವಾಗಿಸಿದವು. ಮರುತಿಂಗಳೇ ಐಇಸಿಯೂ ಪ್ರಕಟಿಸಿತು.

ಆದರೆ ಒಪ್ಪಂದದ ಒಳಗೆ ಒಂದು ಸಾಲು ಇತ್ತು. ಫೋನಿನಲ್ಲಿ ಮೈಕ್ರೋ ಯುಎಸ್‌ಬಿ ಇಲ್ಲದಿದ್ದರೂ ಪರವಾಗಿಲ್ಲ, ಅದಕ್ಕೆ ಜೋಡಿಸುವ ಅಡಾಪ್ಟರ್ ಸಿಗುವಂತೆ ಮಾಡಿದರೆ ಸಾಕು, ಒಪ್ಪಂದ ಪಾಲಿಸಿದಂತೆಯೇ. 2011ರಲ್ಲಿ ಆಪಲ್ ಬೆರಳುಗುರಿನಷ್ಟು ಸಣ್ಣ ಅಡಾಪ್ಟರ್ ಒಂದನ್ನು ಯುರೋಪಿನಲ್ಲಿ ಮಾರಾಟಕ್ಕಿಟ್ಟಿತು. 2012ರಲ್ಲಿ ಲೈಟ್ನಿಂಗ್ ಅನ್ನುವ ತನ್ನದೇ ಪಿನ್ ತಂದಿತು. ಆ ಪಿನ್ನಿನ ವೈರ್ ಅಧಿಕೃತವಾಗಿ ಮಾಡಲು ಬೇರೆ ಕಂಪನಿಗಳು ಆಪಲ್‌ನಿಂದ ಪರವಾನಗಿ ಪಡೆಯಬೇಕಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಆ ಸಾಲಿನಲ್ಲಿದೆ. ಸ್ವಇಚ್ಛೆಯ ಒಪ್ಪಂದ 30 ಬಗೆಯನ್ನು ಮೂರಕ್ಕೆ ಇಳಿಸಿತು, ಅದು ನಿಜವಾದ ಸಾಧನೆ, ಅಲ್ಲಗಳೆಯುವಂತಿಲ್ಲ. ಆದರೆ ಮೂರರಿಂದ ಒಂದಕ್ಕೆ ಇಳಿಸುವ ಶಕ್ತಿ ಅದಕ್ಕೆ ಇರಲಿಲ್ಲ. ನಿಯಮ ಬರೆಯುವವರೂ ಅದನ್ನು ಪಾಲಿಸಬೇಕಾದವರೂ ಒಬ್ಬರೇ ಆದಾಗ ಇಂಥ ಸಾಲು ಸುಲಭವಾಗಿ ಒಳಗೆ ಸೇರಿಬಿಡುತ್ತದೆ. ಒಪ್ಪಂದದ ಅವಧಿ 2014ಕ್ಕೆ ಮುಗಿಯಿತು, ಮುಂದಿನ ಮಾತುಕತೆ ವರ್ಷಗಟ್ಟಲೆ ಕುಂಟಿತು.

ಅದೇ 2014ರ ಆಗಸ್ಟ್‌ನಲ್ಲಿ ಟೈಪ್ ಸಿ ಬಂತು. 24 ಸಂಪರ್ಕಗಳು, ತಲೆಕೆಳಗಾಗಿ ಚುಚ್ಚಿದರೂ ನಡೆಯುತ್ತದೆ. ಅದನ್ನು ರೂಪಿಸಿದವರಲ್ಲಿ ಆಪಲ್ ಇಂಜಿನಿಯರ್‌ಗಳೂ ಇದ್ದರು, 2015ರ ಮ್ಯಾಕ್‌ಬುಕ್‌ನಲ್ಲಿ ಅದೊಂದೇ ಯುಎಸ್‌ಬಿ ಕಿಂಡಿ ಇತ್ತು. ಕಂಪನಿಗಳ ಕೂಟ ಬರೆದ ಈ ವಿವರಗಳನ್ನು ಐಇಸಿ 62680 ಸರಣಿಯ ಮಾನಕವಾಗಿ ಸ್ವೀಕರಿಸಿತು. ಯುರೋಪಿನ ಸಂಸತ್ತು 2022ರ ಅಕ್ಟೋಬರ್ 4ರಂದು 602 ಮತಗಳಿಂದ ಪಾಸು ಮಾಡಿದ, ಟೈಪ್ ಸಿ ಕಡ್ಡಾಯ ಮಾಡುವ ಕಾನೂನು ಬೊಟ್ಟು ಮಾಡುವುದೂ ಅದೇ ಮಾನಕದ ಕಡೆಗೆ. ವಿರೋಧಕ್ಕೆ ಬಿದ್ದದ್ದು 13 ಮತ. ಎಸೆದ ಮತ್ತು ಬಳಸದೇ ಬಿಟ್ಟ ಚಾರ್ಜರ್‌ಗಳಿಂದಲೇ ವರ್ಷಕ್ಕೆ ಸುಮಾರು 11,000 ಟನ್ ಇ-ಕಸ ಆಗುತ್ತಿದೆ ಅನ್ನುವುದು ಅವರ ಅಂದಾಜಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಐಫೋನ್ 15 ಟೈಪ್ ಸಿ ಹೊತ್ತು ಬಂತು. ಯುರೋಪಿನ ಕಾನೂನು ಫೋನ್‌ಗಳಿಗೆ 2024ರ ಡಿಸೆಂಬರ್ 28ರಿಂದ ಜಾರಿ, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದ.

ಪಿನ್ ಒಂದೇ ಆದರೆ ವೈರ್ ಒಂದೇ ಆಯಿತು ಅಂತಲ್ಲ. ಒಂದು ಕಡೆ ಹಳೇ ಯುಎಸ್‌ಬಿ, ಇನ್ನೊಂದು ಕಡೆ ಟೈಪ್ ಸಿ ಇರುವ ವೈರಿನ ಪಿನ್ ಒಳಗೆ ಸಾಸಿವೆಯಷ್ಟು ಸಣ್ಣ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ, ಇರಬೇಕು, 56 ಕಿಲೋ ಓಮ್‌ನದು. ಆ ಕಡೆ ಇರುವುದು ಹಳೇ ಸಾಕೆಟ್, ಹುಷಾರಾಗಿ ಎಳೆ ಅಂತ ಫೋನಿಗೆ ಹೇಳುವುದು ಅದೇ. ಅದರ ಜಾಗದಲ್ಲಿ 10 ಕಿಲೋ ಓಮ್‌ನದು ಹಾಕಿದರೆ 3 ಆಂಪಿಯರ್ ಸಿಗುತ್ತದೆ ಅಂತ ಫೋನ್ ನಂಬಿ ಎಳೆಯುತ್ತದೆ, ಪಾಪ ಆ ಕಡೆಯ ಸಾಕೆಟ್‌ಗೆ ಅಷ್ಟು ತಾಕತ್ತು ಇರುವುದಿಲ್ಲ. 2015ರಲ್ಲಿ ಗೂಗಲ್ ಇಂಜಿನಿಯರ್ ಬೆನ್ಸನ್ ಲ್ಯೂಂಗ್ ಆನ್‌ಲೈನ್‌ನಲ್ಲಿ ಸಿಗುವ ವೈರ್‌ಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸತೊಡಗಿದರು. ತಪ್ಪಾಗಿ ಜೋಡಿಸಿದ್ದ ಒಂದು ವೈರ್ ಅವರ ಲ್ಯಾಪ್‌ಟಾಪನ್ನೇ ಹಾಳು ಮಾಡಿತು. ಮಾನಕ ಬರೆದು ಮುಗಿದ ಮೇಲೂ ಯಾರಾದರೂ ಹೀಗೆ ವೈರ್ ಹಿಡಿದು ನೋಡಬೇಕಾಗುತ್ತದೆ.

ನಮ್ಮಲ್ಲಿ ಆ ಕೆಲಸದ ಒಂದು ಭಾಗ ಬಿಐಎಸ್ ಮೂಲಕ ನಡೆಯುತ್ತದೆ. 2012ರ ಆದೇಶದಿಂದಾಗಿ ಅಡಾಪ್ಟರ್, ಲ್ಯಾಪ್‌ಟಾಪ್ ಮುಂತಾದವಕ್ಕೆ ಕಡ್ಡಾಯ ನೋಂದಣಿ ಬಂತು. ನಿಮ್ಮ ಚಾರ್ಜರ್ ತಿರುಗಿಸಿ ನೋಡಿ. ಅಕ್ಕಿಕಾಳಿಗಿಂತ ಸಣ್ಣ ಅಕ್ಷರಗಳ ನಡುವೆ ಬಿಐಎಸ್ ಗುರುತು, ಪಕ್ಕದಲ್ಲಿ ಆರ್ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ನೋಂದಣಿ ಅನ್ನುವುದು ಗೊತ್ತಾಗುತ್ತದೆ. ಇದು ಸುರಕ್ಷತೆಯ ನಿಯಮ, ಪಿನ್ನಿನದಲ್ಲ.

ಪಿನ್ ಮಾತು ದೆಹಲಿಯಲ್ಲಿ ಶುರುವಾದದ್ದು 2022ರಲ್ಲಿ. ಗ್ರಾಹಕ ವ್ಯವಹಾರಗಳ ಇಲಾಖೆ ಕೈಗಾರಿಕಾ ಸಂಘಗಳನ್ನು ಕರೆಸಿತು. ಎಂಎಐಟಿ, ಫಿಕ್ಕಿ, ಸಿಐಐ ಎಲ್ಲ ಬಂದವು. ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್‌ಗೆ ಟೈಪ್ ಸಿ ಅನ್ನುವುದಕ್ಕೆ ನವೆಂಬರ್‌ನಲ್ಲಿ ಒಮ್ಮತ ಆಯಿತು. ಯುರೋಪ್ ಬೊಟ್ಟು ಮಾಡಿದ ಅದೇ ಐಇಸಿ ಮಾನಕವನ್ನು ಬಿಐಎಸ್ ಕೂಡ ಐಎಸ್/ಐಇಸಿ 62680-1-3:2022 ಅಂತ ಪ್ರಕಟಿಸಿತು. ಆದರೆ ಬಿಐಎಸ್ ಮಾನಕ ಅಂದಮಾತ್ರಕ್ಕೆ ಕಡ್ಡಾಯ ಅಲ್ಲ. ಸರ್ಕಾರ ಬೇರೆ ಆದೇಶ ಹೊರಡಿಸಿದರೆ ಮಾತ್ರ ಅದಕ್ಕೆ ಕಾನೂನಿನ ಬಲ. ಮಾನಕದ ಕರಡು ಹೊರಬಂದಾಗ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ನಮ್ಮ ಮೊಬೈಲ್ ರಿಪೇರಿ ಅಂಗಡಿಯವರಲ್ಲಿ ಎಷ್ಟು ಜನರಿಗೆ ಇದು ತಲುಪಿದೆ? ಪಿನ್ ಎಲ್ಲಿ ಸವೆಯುತ್ತದೆ, ವೈರ್ ಎಲ್ಲಿ ತುಂಡಾಗುತ್ತದೆ ಅನ್ನುವುದು ಅವರಿಗೆ ಕೈಯಾರೆ ಗೊತ್ತು.

ಆ ಒಮ್ಮತದಿಂದ ಹೊರಗೆ ಉಳಿದದ್ದು ಕಡಿಮೆ ಬೆಲೆಯ ಕೀಪ್ಯಾಡ್ ಫೋನ್. ಅದಕ್ಕೆ ಬೇರೆಯದೇ ಚಾರ್ಜರ್ ಇರಲಿ ಅನ್ನುವ ಮಾತು ಬಂತು, ಬೆಲೆ ಏರಬಾರದು ಅನ್ನುವುದು ಕಾರಣ. ಕಾರಣ ಸುಳ್ಳಲ್ಲ. ಆದರೂ ನನ್ನ ಅಮ್ಮನ ಕೀಪ್ಯಾಡ್ ಫೋನಿನ ಚಾರ್ಜರ್ ನೋಡಿದಾಗಲೆಲ್ಲ ನನಗೆ ಚೀನಾದ ಆ 2006ರ ನಿಯಮವೇ ನೆನಪಾಗುತ್ತದೆ. ಅದರ ವೈರ್ ಡಬ್ಬಿಗೇ ಅಂಟಿಕೊಂಡಿದೆ, ಬಿಚ್ಚಲು ಬರುವುದಿಲ್ಲ. ಪಿನ್ ಹತ್ತಿರ ಸೀಳಿದ ಜಾಗಕ್ಕೆ ಅಮ್ಮ ಕಪ್ಪು ಟೇಪ್ ಸುತ್ತಿದ್ದಾರೆ. ರಾತ್ರಿ ಚಾರ್ಜಿಗೆ ಹಾಕಿ, ವೈರ್ ಅಲುಗಾಡದಂತೆ ಅದರ ಮೇಲೆ ಕುಂಕುಮದ ಡಬ್ಬಿ ಇಟ್ಟು ಮಲಗುತ್ತಾರೆ.