ಮನೆ ಕಟ್ಟುವಾಗ ಪೋಲಾಗುವುದು ಎಲ್ಲಿ?

ಉದ್ದನೆಯ ಗಾಜಿನ ಭರಣಿಯೊಂದನ್ನು ತೆಗೆದುಕೊಳ್ಳಿ. ಮನೆ ಕಟ್ಟುವ ಜಾಗದಿಂದ ಒದ್ದೆ ಹೊಯಿಗೆ (ಮರಳು) ತಂದು, ಒತ್ತದೆ, 20 ಸೆಂಟಿಮೀಟರ್ ಎತ್ತರಕ್ಕೆ ತುಂಬಿ. ಈಗ ಅದು ಮುಳುಗುವಷ್ಟು ನೀರು ಹೊಯ್ದು, ಕಡ್ಡಿಯಲ್ಲಿ ಕದಡಿ, ಸುಮ್ನೆ ಬಿಡಿ. ಹೊಯಿಗೆ ಕೆಳಗೆ ಕೂತು 16 ಸೆಂಟಿಮೀಟರಿಗೆ ಇಳಿದರೂ ಆಶ್ಚರ್ಯವಿಲ್ಲ. ಮೊದಲು ಕಾಣುತ್ತಿದ್ದ ಆ ನಾಲ್ಕು ಸೆಂಟಿಮೀಟರ್ ಬರೀ ಗಾಳಿ.

ಹೊಯಿಗೆಗೆ ತೂಕದಲ್ಲಿ ನೂರಕ್ಕೆ ನಾಲ್ಕೋ ಆರೋ ಪಾಲು ನೀರು ಸೇರಿದರೆ ಪ್ರತಿ ಕಣದ ಸುತ್ತ ತೆಳ್ಳಗಿನ ನೀರಿನ ಪದರ ಕಟ್ಟುತ್ತದೆ. ಆ ಪದರದ ಎಳೆತದಿಂದ ಕಣಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ಖಾಲಿ ಜಾಗ ಬಿಟ್ಟು, ಕೆಳಗೆ ಕೂರದೆ ನಿಲ್ಲುತ್ತವೆ. ಮಲ್ಪೆ ಬೀಚಿನಲ್ಲಿ ಮಕ್ಕಳು ಗೋಪುರ ಕಟ್ಟುವುದು ಇದರ ಬಲದಿಂದಲೇ. ಒಣ ಮರಳಿನಲ್ಲಿ ಗೋಪುರ ನಿಲ್ಲದು, ಪೂರ್ತಿ ನೀರಲ್ಲಿ ಮುಳುಗಿದ ಮರಳಿನಲ್ಲೂ ನಿಲ್ಲದು. ಹೀಗೆ ಉಬ್ಬಿದ ಹೊಯಿಗೆ 20ರಿಂದ 30 ಶೇಕಡಾ ಜಾಸ್ತಿ ಜಾಗ ಹಿಡಿಯುತ್ತದೆ. ಕಣ ಸಣ್ಣದಾದಷ್ಟೂ ಉಬ್ಬು ಜಾಸ್ತಿ.

ಇದರಿಂದ ಮನೆ ಕಟ್ಟುವವರಿಗೆ ಏನಾಗುತ್ತದೆ? ಸಾರಣೆಗೆ (ಪ್ಲಾಸ್ಟರಿಗೆ) ಒಂದು ಪಾಲು ಸಿಮೆಂಟಿಗೆ ಆರು ಪಾಲು ಹೊಯಿಗೆ ಎಂದು ಮಾತಾಗಿದೆ ಅನ್ನಿ. ಬುಟ್ಟಿಯಲ್ಲಿ ಅಳೆದು ಆರು ಪಾಲು ಒದ್ದೆ ಹೊಯಿಗೆ ಹಾಕುತ್ತಾರೆ. ಅದು ನಮ್ಮ ಭರಣಿಯ ಹಾಗೆ 25 ಶೇಕಡಾ ಉಬ್ಬಿದ್ದರೆ ನಿಜಕ್ಕೂ ಬಿದ್ದದ್ದು 4.8 ಪಾಲು ಮಾತ್ರ. ಅಷ್ಟೇ ಹೊಯಿಗೆಗೆ ಕಾಲುಪಾಲು ಸಿಮೆಂಟ್ ಜಾಸ್ತಿ ಖರ್ಚು. ಜಾಸ್ತಿ ಸಿಮೆಂಟಾದರೆ ಗೋಡೆ ಗಟ್ಟಿಯಾಯಿತಲ್ವಾ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಸಿಮೆಂಟ್ ಹೆಚ್ಚಾದ ಸಾರಣೆ ಒಣಗುವಾಗ ಜಾಸ್ತಿ ಕುಗ್ಗುತ್ತದೆ, ಕೂದಲೆಳೆಯ ಬಿರುಕು ಬಿಡುತ್ತದೆ. ಇನ್ನು ಹೊಯಿಗೆಯನ್ನು ಲೋಡಿನ ಲೆಕ್ಕದಲ್ಲಿ ಕೊಂಡಿದ್ದರೆ ಟಿಪ್ಪರಿನಲ್ಲಿ ಬಂದ ಗಾಳಿಗೂ ದುಡ್ಡು ಕೊಟ್ಟಾಗಿದೆ. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಮಂಗಳೂರು, ಉಡುಪಿಯಲ್ಲಿ ಒಣ ಹೊಯಿಗೆ ಸಿಗುವ ತಿಂಗಳುಗಳೇ ಕಡಿಮೆ.

ಕಟ್ಟಡದ ಪೋಲು ಅಂದ ಕೂಡಲೇ ರಸ್ತೆ ಬದಿಯಲ್ಲಿ ಸುರಿದ ಒಡೆದ ಕಲ್ಲು, ಸಾರಣೆ ಚೂರುಗಳ ರಾಶಿ ಕಣ್ಣಿಗೆ ಬರುತ್ತದೆ. ಪತ್ರಿಕೆಯಲ್ಲಿ ಫೋಟೋ ಬರುವುದೂ ಅದರದ್ದೇ. ಆದರೆ ಜಾಸ್ತಿ ದುಡ್ಡು ಹೋಗುವುದು ರಾಶಿಯಾಗಿ ಕಾಣದ ಜಾಗಗಳಲ್ಲಿ: ಅಳತೆಯಲ್ಲಿ, ನೀರಿನಲ್ಲಿ, ಕಾಯುವುದರಲ್ಲಿ.

ನೀರಿನ ವಿಷಯ ನೋಡಿ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜತೆ ರಾಸಾಯನಿಕವಾಗಿ ಸೇರಿ. ಆ ಕೆಲಸಕ್ಕೆ ಸಿಮೆಂಟಿನ ತೂಕದ 38 ಶೇಕಡಾದಷ್ಟು ನೀರು ಸಾಕು. 50 ಕಿಲೋ ಮೂಟೆಗೆ 19 ಲೀಟರ್. ಅದಕ್ಕಿಂತ ಜಾಸ್ತಿ ಹಾಕಿದ ನೀರು ಮುಂದೆ ಆವಿಯಾಗಿ ಹೋಗುವಾಗ ತನ್ನ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಬಿಟ್ಟು ಹೋಗುತ್ತದೆ. ಒಳನಾಡಿನಲ್ಲಿ ಅದು ಹೆಚ್ಚಾಗಿ ಬಲದ ಪ್ರಶ್ನೆ. ನಮ್ಮಲ್ಲಿ ಆ ರಂಧ್ರಗಳ ಮೂಲಕ ಸಮುದ್ರದ ಉಪ್ಪಿನ ಗಾಳಿ ಕಂಬಿಯವರೆಗೆ ಹೋಗುತ್ತದೆ. ಕಂಬಿ ತುಕ್ಕು ಹಿಡಿದರೆ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ಕೆಡವುತ್ತದೆ. ಸುರತ್ಕಲ್, ಪಣಂಬೂರು, ಉಳ್ಳಾಲ ಕಡೆ ಸಜ್ಜಾದ ಅಡಿಯಿಂದ ಚಕ್ಕೆ ಬಿದ್ದು ಕಂಬಿ ಇಣುಕುವ ಮನೆಗಳನ್ನು ಯಾರು ನೋಡಿಲ್ಲ?

ಅದಕ್ಕೇ ಭಾರತೀಯ ಮಾನಕ ಐಎಸ್ 456 ಕರಾವಳಿಯ ಗಾಳಿಗೆ ತೆರೆದ ಕಂಬಿ ಕಾಂಕ್ರೀಟನ್ನು 'ತೀವ್ರ' ವರ್ಗಕ್ಕೆ ಸೇರಿಸಿದೆ. ಕನಿಷ್ಠ ಎಂ30 ದರ್ಜೆ ಬೇಕು (ಈ ಸಂಖ್ಯೆ ದೊಡ್ಡದಾದಷ್ಟೂ ಕಾಂಕ್ರೀಟ್ ಗಟ್ಟಿ), ನೀರು ಸಿಮೆಂಟಿನ ತೂಕದ 0.45 ಪಾಲು ಮೀರಬಾರದು. ಅಂದರೆ ಮೂಟೆಗೆ ಹೆಚ್ಚೆಂದರೆ 22.5 ಲೀಟರ್. ಈಗ ಭರಣಿಯ ಹೊಯಿಗೆಯನ್ನು ಮತ್ತೆ ನೆನಪಿಸಿಕೊಳ್ಳಿ. ಒಂದು ಮೂಟೆಗೆ ಸುಮಾರು 90 ಕಿಲೋ ಹೊಯಿಗೆ ಬಿದ್ದರೆ, ಅದರಲ್ಲಿ 5 ಶೇಕಡಾ ತೇವ ಇದ್ದರೆ, ನಾಲ್ಕೂವರೆ ಲೀಟರ್ ನೀರು ಆಗಲೇ ಒಳಗೆ ಬಂದಿದೆ. ಅದನ್ನು ಕಳೆಯದೆ ಪೂರ್ತಿ 22.5 ಲೀಟರ್ ಹಾಕಿದರೆ ಅನುಪಾತ 0.54. ಮೇಲಿಂದ "ಮಾಲು (ಕಲಸಿದ ಕಾಂಕ್ರೀಟ್) ಇಳಿಯುವುದಿಲ್ಲ" ಎಂದು ಅರ್ಧ ಬಕೆಟ್ ಹೊಯ್ದರೆ ಕೇಳುವುದೇ ಬೇಡ. ಮಾಲು ಸಲೀಸಾಗಿ ಇಳಿಯಬೇಕಾದರೆ ಪ್ಲಾಸ್ಟಿಸೈಜರ್ ಎಂಬ ದ್ರವ ಇದೆ. ನೀರು ಹೆಚ್ಚಿಸದೆ ಸಿಮೆಂಟ್ ಕಣಗಳನ್ನು ಬಿಡಿಸಿ ಹರಿಯುವಂತೆ ಮಾಡುತ್ತದೆ. ಮನೆಗೆ ಎಂ20 ಸಾಕು ಎನ್ನುವ ಮಾತು ಇಲ್ಲಿ ಈಗಲೂ ಕೇಳುತ್ತದೆ. ಸಮುದ್ರದ ಪಕ್ಕದಲ್ಲಿ ಕೂತು ಆ ಮಾತು ಹೇಳುವವರ ಧೈರ್ಯ ನನಗಂತೂ ಇಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊಗೆಯಲ್ಲಿ ಸುಮಾರು ಏಳೆಂಟು ಶೇಕಡಾ ಸಿಮೆಂಟಿನದ್ದು. ಅರವತ್ತು ವರ್ಷ ಬಾಳಬೇಕಾದ ಸ್ಲ್ಯಾಬನ್ನು ಇಪ್ಪತ್ತೇ ವರ್ಷಕ್ಕೆ ಒಡೆದರೆ ಆ ಹೊಗೆಯನ್ನೂ ಮತ್ತೊಮ್ಮೆ ಬಿಟ್ಟ ಹಾಗಾಯಿತು.

ಸಿಮೆಂಟ್ ಮೂಟೆಗೂ ನಮ್ಮ ಗಾಳಿ ಶತ್ರು. ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆ ಮೇಲೆ, ಹತ್ತು ಮೂಟೆಗಿಂತ ಎತ್ತರ ಪೇರಿಸದೆ, ಮೊದಲು ಬಂದದ್ದನ್ನು ಮೊದಲು ಬಳಸಬೇಕು. ಇಷ್ಟು ಎಲ್ಲರಿಗೂ ಗೊತ್ತು. ರೇಟು ಕಡಿಮೆ ಇದೆ ಎಂದು ಮೇ ತಿಂಗಳಲ್ಲಿ ನೂರು ಮೂಟೆ ತಂದು ಆಗಸ್ಟಿನವರೆಗೆ ಇಡುವವರು ಮಾತ್ರ ಇನ್ನೂ ಕಡಿಮೆಯಾಗಿಲ್ಲ.

ಕಂಬಿಯ ಪೋಲು ಬೇರೆ ಜಾತಿಯದ್ದು. ಅದು ಶುದ್ಧ ಗಣಿತ. ಕಂಬಿ ಬರುವುದು 12 ಮೀಟರ್ ಉದ್ದಕ್ಕೆ. ನಿಮಗೆ 3.5 ಮೀಟರಿನ 20 ತುಂಡು, 5 ಮೀಟರಿನ 10 ತುಂಡು ಬೇಕು ಅನ್ನಿ. ಸಾಮಾನ್ಯವಾಗಿ ಒಂದು ಅಳತೆಯದ್ದನ್ನು ಕತ್ತರಿಸಿ ಮುಗಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಾರೆ. 3.5 ಮೀಟರಿನದ್ದು ಒಂದು ಕಂಬಿಗೆ ಮೂರು ಸಿಕ್ಕಿ ಒಂದೂವರೆ ಮೀಟರ್ ಉಳಿಯುತ್ತದೆ. 20 ತುಂಡಿಗೆ ಏಳು ಕಂಬಿ ಬೇಕು. 5 ಮೀಟರಿನದ್ದು ಒಂದು ಕಂಬಿಗೆ ಎರಡು ಸಿಕ್ಕಿ ಎರಡು ಮೀಟರ್ ಉಳಿಯುತ್ತದೆ. ಅದಕ್ಕೆ ಐದು ಕಂಬಿ. ಒಟ್ಟು ಹನ್ನೆರಡು. ಈಗ ಒಂದೇ ಕಂಬಿಯಿಂದ 3.5ರ ಎರಡು, 5ರ ಒಂದು ತೆಗೆದು ನೋಡಿ. ಕೂಡಿದರೆ ಸರಿಯಾಗಿ 12. ಚೂರೂ ಉಳಿಯದೆ ಹತ್ತೇ ಕಂಬಿಯಲ್ಲಿ ಕೆಲಸ ಮುಗಿಯಿತು. 16 ಮಿಲಿಮೀಟರ್ ಕಂಬಿಯಾದರೆ ಉಳಿದ ಎರಡರ ತೂಕ ಸುಮಾರು 38 ಕಿಲೋ.

ಅಳತೆಗಳು ಎರಡೇ ಇದ್ದರೆ ಬೆರಳಲ್ಲಿ ಲೆಕ್ಕ ಮಾಡಬಹುದು. ಮೂವತ್ತು ಅಳತೆ ಇದ್ದರೆ ಜೋಡಿಗಳು ಎಣಿಕೆ ಮೀರುತ್ತವೆ. ಸೋವಿಯತ್ ರಷ್ಯಾದ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲೇ ಇಂಥ ಕತ್ತರಿಸುವ ಲೆಕ್ಕಕ್ಕೆ ದಾರಿ ತೋರಿಸಿದರು. ಅವರು ಆ ಯೋಚನೆಗೆ ಇಳಿದದ್ದು ಪ್ಲೈವುಡ್ ಉದ್ಯಮದವರು ತಂದ ಸಮಸ್ಯೆಯಿಂದ. ಮುಂದೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಸಿಕ್ಕಿತು. ಇವತ್ತು ಅದೇ ಲೆಕ್ಕವನ್ನು ಮೊಬೈಲಿನ ಉಚಿತ ಆ್ಯಪ್ ಮಾಡಿಕೊಡುತ್ತದೆ. ಆದರೆ ಆ್ಯಪಿಗೆ ತುಂಬಲು ಯಾವ ಬೀಮಿಗೆ ಯಾವ ಉದ್ದ ಎಂಬ ಪಟ್ಟಿ ಬೇಕು. ಪಟ್ಟಿ ಇಲ್ಲದೆ ಕೆಲಸ ಶುರು ಮಾಡಿದರೆ ನೊಬೆಲ್ ಗಣಿತವೂ ಗುಜರಿಗೆ. ಟೈಲ್ಸಿನ ಕತೆಯೂ ಇದೇ. 60 ಸೆಂಟಿಮೀಟರ್ ಟೈಲ್ಸಿಗೆ 3 ಮೀಟರ್ ಕೋಣೆ ಸರಿ ಹೊಂದುತ್ತದೆ, 3.4 ಮೀಟರ್ ಆದರೆ ಕೊನೆಯ ಸಾಲಿನ ಪ್ರತಿ ಟೈಲಿನಲ್ಲಿ ಮೂರರಲ್ಲೊಂದು ಪಾಲು ಚೂರು.

ಇವೆಲ್ಲಕ್ಕಿಂತ ದೊಡ್ಡ ಪೋಲು ಸಮಯದ್ದು. ಟೊಯೋಟ ಕಾರ್ಖಾನೆಯಲ್ಲಿ ತೈಚಿ ಓನೊ ಪಟ್ಟಿ ಮಾಡಿದ ಏಳು ಬಗೆಯ ಪೋಲಿನಲ್ಲಿ ಕಾಯುವುದೂ ಒಂದು. ಫಿನ್ಲೆಂಡಿನ ಸಂಶೋಧಕ ಲೌರಿ ಕೊಸ್ಕೆಲ 1992ರಲ್ಲಿ ಆ ಯೋಚನೆಯನ್ನು ಕಟ್ಟಡದ ಕೆಲಸಕ್ಕೆ ತಂದರು. ಕಟ್ಟಡದಲ್ಲಿ ಅದು ಎಷ್ಟು ಹೊಂದುತ್ತದೆ ಎಂದು ನೋಡಲು ನಾಣ್ಯ ಚಿಮ್ಮಿದರೆ ಸಾಕು. ಮೊದಲ ತಂಡ ಗೋಡೆ ಕಟ್ಟುತ್ತದೆ, ಎರಡನೆಯದು ಸಾರಣೆ ಮಾಡುತ್ತದೆ. ಎರಡೂ ವಾರಕ್ಕೆ ಐದು ಕೋಣೆ ಮುಗಿಸಿದರೆ ತೊಂದರೆಯಿಲ್ಲ. ಈಗ ಗೋಡೆಯವರು ಒಂದು ವಾರ ಹತ್ತು ಕೋಣೆ, ಇನ್ನೊಂದು ವಾರ ಸೊನ್ನೆ, ನಾಣ್ಯ ಬಿದ್ದಂತೆ. ಅವರ ಸರಾಸರಿ ಈಗಲೂ ಐದೇ. ಆದರೆ ಸೊನ್ನೆಯ ವಾರ ಮೊದಲೇ ಬಂದರೆ ಸಾರಣೆಯವರಿಗೆ ಕೆಲಸವಿಲ್ಲ. ಮುಂದಿನ ವಾರ ಹತ್ತು ಬಂದರೂ ಅವರ ಕೈಯಲ್ಲಿ ಆಗುವುದು ಐದು. ಕಳೆದುಹೋದ ವಾರ ಮತ್ತೆ ಸಿಗುವುದಿಲ್ಲ. ಇಂಥ ಏಳೆಂಟು ತಂಡ ಸಾಲಾಗಿ ಇದ್ದರೆ ನಷ್ಟ ಪ್ರತಿ ಕೊಂಡಿಯಲ್ಲೂ ಬೆಳೆಯುತ್ತದೆ. ಅಮೆರಿಕದ ಪ್ರಾಧ್ಯಾಪಕಿ ಐರಿಸ್ ಟೊಮ್ಮೆಲೈನ್ ಮತ್ತು ಜತೆಗಾರರು 1990ರ ದಶಕದಲ್ಲಿ ಇದನ್ನು ದಾಳದ ಆಟವಾಗಿಯೇ ಕಲಿಸಿದರು. ಅಂದರೆ ಒಂದು ತಂಡವನ್ನು ಓಡಿಸಿ ವೇಗ ಬರುವುದಿಲ್ಲ. ಏರುಪೇರು ತಗ್ಗಬೇಕು.

ನಮ್ಮಲ್ಲಿ ಏರುಪೇರಿಗೆ ಬರವೇ? ಬಾಗಲಕೋಟೆ, ಗದಗ, ಬಿಹಾರ, ಬಂಗಾಳದಿಂದ ಬಂದ ಕೆಲಸದವರು ಹಬ್ಬಕ್ಕೋ ಚುನಾವಣೆಗೋ ಊರಿಗೆ ಹೋಗುತ್ತಾರೆ. ಕೆಂಪುಕಲ್ಲಿನ ಕೋರೆಗೆ ಮಳೆಗಾಲದಲ್ಲಿ ನೀರು ತುಂಬುತ್ತದೆ. ಹೊಯಿಗೆ ಸಿಗುವುದು, ಸಿಗದಿರುವುದು ದೇವರಿಗೇ ಗೊತ್ತು. ಮುಂಗಾರಿನ ಲೆಕ್ಕವೂ ಹಾಗೆಯೇ. ಕೇರಳಕ್ಕೆ ಅದು ಬರುವ ವಾಡಿಕೆ ದಿನ ಜೂನ್ 1. 2025ರಲ್ಲಿ ಮೇ 24ಕ್ಕೇ ಬಂತು. 2018ರ ಮೇ 29ರಂದು ಮಂಗಳೂರು ಒಂದೇ ದಿನದ ಮಳೆಗೆ ಮುಳುಗಿದ್ದು ಕೊಟ್ಟಾರ ಚೌಕಿಯವರು ಮರೆತಿರಲಾರರು. ಮೇ ಕೊನೆಯ ವಾರಕ್ಕೆ ಸ್ಲ್ಯಾಬ್ ಇಟ್ಟುಕೊಳ್ಳುವ ಯೋಜನೆ ಅಂದರೆ ಜೂಜು. ಏಪ್ರಿಲಿಗೆ ತಾರಸಿ ಮುಗಿದರೆ ಮಳೆಗಾಲವೇ ಉಪಕಾರಕ್ಕೆ ಬರುತ್ತದೆ. ಒಳಗಿನ ಸಾರಣೆಗೆ ತೇವದ ಗಾಳಿ ಒಳ್ಳೆಯದು, ನಿಧಾನವಾಗಿ ಒಣಗಿ ಬಿರುಕು ಕಡಿಮೆ. ಪೇಂಟು ಮಾತ್ರ ನವೆಂಬರಿನವರೆಗೆ ಕಾಯಲಿ.

ಗ್ಲೆನ್ ಬಲ್ಲಾರ್ಡ್ ಎಂಬ ಕಟ್ಟಡ ಕೆಲಸದ ತಜ್ಞ ಈ ಏರುಪೇರಿಗೆ ಸುಲಭದ ದಾರಿ ಹುಡುಕಿದರು. ಪ್ರತಿ ವಾರ ಎಲ್ಲ ತಂಡದ ಮೇಸ್ತ್ರಿಗಳು ಒಟ್ಟಿಗೆ ಕೂತು, ಮುಂದಿನ ವಾರ ಇಷ್ಟು ಮುಗಿಸುತ್ತೇವೆ ಎಂದು ತಾವೇ ಹೇಳಬೇಕು. ವಾರದ ಕೊನೆಗೆ ಹೇಳಿದ್ದರಲ್ಲಿ ಎಷ್ಟು ಮುಗಿಯಿತು ಎಂದು ಎಣಿಸಬೇಕು. ಅವರು ಮೊದಲು ಎಣಿಸಿದಾಗ ಮುಗಿದದ್ದು ಹತ್ತಿರ ಹತ್ತಿರ ಅರ್ಧ. ಅದೂ ಅಮೆರಿಕದಲ್ಲಿ! ಯಾಕೆ ಆಗಲಿಲ್ಲ ಎಂಬ ಕಾರಣ ಬರೆದಿಡುವುದು ಇದರ ಜೀವಾಳ. ಸಾಮಾನು ಬರಲಿಲ್ಲವೇ, ನಕ್ಷೆ ಸಿಗಲಿಲ್ಲವೇ, ಹಿಂದಿನ ತಂಡ ಮುಗಿಸಲಿಲ್ಲವೇ? ನಾಲ್ಕು ವಾರ ಬರೆದರೆ ಒಂದೇ ಕಾರಣ ಮತ್ತೆ ಮತ್ತೆ ತಲೆ ಎತ್ತುತ್ತದೆ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ಹತ್ತಿರ ಹತ್ತಿರ ಹತ್ತು ವರ್ಷ ಎಳೆದು 2020ರ ಜನವರಿಯಲ್ಲಿ ತೆರೆದಾಗ ಊರೆಲ್ಲ ತಮಾಷೆ ಮಾಡಿತು. ಸಣ್ಣ ಮನೆಗಳ ಕೆಲಸದಲ್ಲಿ ಆಗುವ ತಡವನ್ನು ಯಾರೂ ಎಣಿಸುವುದಿಲ್ಲ, ಅಷ್ಟೇ.

ಆ ಕಾರಣಗಳ ಪಟ್ಟಿಯಲ್ಲಿ ಮನೆ ಮಾಲೀಕರೂ ಇರುತ್ತಾರೆ. ದುಬೈಯಿಂದಲೋ ಮುಂಬೈಯಿಂದಲೋ ವಿಡಿಯೋ ಕಾಲ್ ಮಾಡಿ "ಅಡುಗೆ ಕೋಣೆಯ ಕಿಟಕಿ ಆ ಕಡೆ ಬರಲಿ ಮಾರಾಯ್ರೆ" ಅಂದರೆ ಕಟ್ಟಿದ ಗೋಡೆ ಒಡೆಯಬೇಕು. ವಾಸ್ತು ನಂಬುವುದು, ಬಿಡುವುದು ನಿಮ್ಮಿಷ್ಟ. ಕೇಳುವುದಾದರೆ ಪಂಚಾಂಗದ (ಅಡಿಪಾಯದ) ಕಲ್ಲು ಕೂರುವ ಮುಂಚೆಯೇ ಕೇಳಿಬಿಡಿ. ವಯರಿಂಗ್, ಪೈಪಿನ ನಕ್ಷೆ ಇಲ್ಲದೆ ಸಾರಣೆ ಮುಗಿಸಿ, ಆಮೇಲೆ ಗೋಡೆ ಕೊರೆಯುವುದಂತೂ ನಮ್ಮ ಊರಿನ ನಿತ್ಯದ ಶಬ್ದ.

ಇಷ್ಟಾದ ಮೇಲೂ ರಾಶಿ ಬೀಳುತ್ತದೆ. ಅದನ್ನು ರಾತ್ರಿ ಹೊತ್ತು ಬೈಲಿಗೋ ತೋಡಿಗೋ ಸುರಿದರೆ ಮಳೆನೀರಿನ ದಾರಿ ಮುಚ್ಚುತ್ತದೆ. ಹಳೆಯ ಮನೆಗಳಿಗೆ ಈ ತೊಂದರೆ ಕಡಿಮೆ ಇತ್ತು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಇಲ್ಲಿ ಹರಡಿದ ಹಂಚಿನ ಮನೆಗಳನ್ನು ಬಿಚ್ಚಿದರೆ ಹಂಚು, ಪಕ್ಕಾಸು (ಮಾಡಿನ ಮರದ ಪಟ್ಟಿ), ಬಾಗಿಲು, ಕೆಂಪುಕಲ್ಲು ಎಲ್ಲ ಇಡಿಯಾಗಿ ಕೈಗೆ ಬರುತ್ತವೆ. ಹಂಚು ಸುಮ್ಮನೆ ಮೇಲೆ ಕೂತಿರುತ್ತದೆ. ಕಲ್ಲುಗಳ ನಡುವಿನ ಮಣ್ಣು ಅಥವಾ ಸುಣ್ಣದ ಗಾರೆ ಕಲ್ಲಿಗಿಂತ ಮೆದು. ಬಿಡಿಸಲು ಹೋದರೆ ಸಂದು ಬಿಡುತ್ತದೆ, ಕಲ್ಲು ಉಳಿಯುತ್ತದೆ. ಸಿಮೆಂಟ್ ಗಾರೆ ಎಷ್ಟೋ ಸಲ ಕೆಂಪುಕಲ್ಲಿಗಿಂತ ಗಟ್ಟಿ. ಹಾಗಾಗಿ ಒಡೆಯುವಾಗ ಹೋಗುವುದು ಕಲ್ಲು. ಹಳೆ ಹಂಚಿನ ಮನೆ ಬಿಚ್ಚುವವರು ಮಾಲಿಗಾಗಿ ಮಾಲೀಕರಿಗೆ ದುಡ್ಡು ಕೊಡುವುದುಂಟು. ತಾರಸಿ ಮನೆ ಒಡೆಸಲು ಮಾಲೀಕರೇ ಜೇಬಿಗೆ ಕೈ ಹಾಕಬೇಕು.

ಒಡೆದ ಕಾಂಕ್ರೀಟನ್ನು ಪುಡಿ ಮಾಡಿ ಜಲ್ಲಿಯಾಗಿ ಬಳಸಲು 2016ರ ಭಾರತೀಯ ಮಾನಕ ಐಎಸ್ 383 ಒಪ್ಪಿದೆ. ಕಂಬಿ ಕಾಂಕ್ರೀಟಿಗೆ ಜಲ್ಲಿಯ 20 ಶೇಕಡಾದವರೆಗೆ, ಅದೂ ಎಂ25 ದರ್ಜೆಯವರೆಗೆ ಮಾತ್ರ. ಎಂ30 ಬೇಕಾದ ನಮ್ಮ ಕರಾವಳಿಯ ಕಂಬ, ಬೀಮುಗಳಿಗೆ ಅದು ಆಗಲಿಲ್ಲ. ಆದರೆ ಎಂ15ಕ್ಕಿಂತ ಕೆಳಗಿನ ತೆಳು ಕಾಂಕ್ರೀಟಿಗೆ ನೂರಕ್ಕೆ ನೂರು ಹಾಕಬಹುದು. ಪಂಚಾಂಗದ ಅಡಿಯ ಬೆಡ್, ಪಾಗಾರದ (ಕಾಂಪೌಂಡ್ ಗೋಡೆಯ) ತಳ, ಅಂಗಳದ ಇಂಟರ್‌ಲಾಕಿನ ಕೆಳಗಿನ ಪದರ, ಹೀಗೆ ಪ್ರತಿ ಮನೆಯಲ್ಲೂ ಅದಕ್ಕೆ ಜಾಗ ಇದೆ. ಹಾಕುವ ಮುಂಚೆ ಮರ, ಪ್ಲಾಸ್ಟಿಕ್ ಹೆಕ್ಕಬೇಕು. ಫಾಲ್ಸ್ ಸೀಲಿಂಗಿನ ಜಿಪ್ಸಂ ಚೂರುಗಳನ್ನಂತೂ ಬಿಡಲೇಬಾರದು. ಅದರ ಸಲ್ಫೇಟ್ ಸಿಮೆಂಟಿನ ಜತೆ ಸೇರಿ ಉಬ್ಬುತ್ತದೆ, ಮೇಲಿನ ನೆಲ ಎದ್ದು ಬರಬಹುದು.