ಅನುದಾನ ಮತ್ತು ಫಲಿತಾಂಶ: ಕಲ್ಯಾಣ ಕರ್ನಾಟಕದ ಹಳೆಯ ತಕರಾರು

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದಾಗಲೆಲ್ಲ ಕಲಬುರಗಿಯಲ್ಲಿ ಅದೇ ವಾಗ್ವಾದ ಮೇಲೇಳುತ್ತದೆ. 2024ರಲ್ಲಿ ಶೇ 50.59 ಫಲಿತಾಂಶ ಪಡೆದ ಯಾದಗಿರಿ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಶೇ 42.43 ಪಡೆದ ಕಲಬುರಗಿ ಆ ಸ್ಥಾನಕ್ಕಿಳಿಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ಘೋಷಿಸುವ ಅನುದಾನ ಆ ಹೊತ್ತಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಮುಟ್ಟಿತ್ತು. ಇಷ್ಟು ಕೊಟ್ಟರೂ ಫಲವೆಲ್ಲಿ ಎಂದು ಒಂದು ಪಕ್ಷ ಕೇಳಿದರೆ, ಕೊಟ್ಟದ್ದೇ ಸಾಲದು ಎಂದು ಇನ್ನೊಂದು ಪಕ್ಷ ಹೇಳುತ್ತದೆ.

ಕೊರತೆಯನ್ನು ಅಳೆದು ನೋಡುವ ಗಂಭೀರ ಪ್ರಯತ್ನ ಈ ರಾಜ್ಯದಲ್ಲಿ ನಡೆದಿಲ್ಲವೆಂದಲ್ಲ. 1991ರ ಕಾಯ್ದೆಯಿಂದ ಹೈದರಾಬಾದ್ ಕರ್ನಾಟಕಕ್ಕೆ (ಈಗಿನ ಕಲ್ಯಾಣ ಕರ್ನಾಟಕ) ಪ್ರತ್ಯೇಕ ಮಂಡಳಿ ಬಂದ ಮೇಲೆ, 2000ದಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ರಚನೆಯಾಯಿತು. 2002ರಲ್ಲಿ ವರದಿ ಸಲ್ಲಿಸಿದ ಆ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನೇ ಘಟಕವಾಗಿ ತೆಗೆದುಕೊಂಡು, 35 ಸೂಚಕಗಳ ಮೇಲೆ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗ ವಿಭಾಗದವೇ ಆಗಿದ್ದವು. ಯಾವ ಊರಿನ ಜನರಿಗೆ ಏನು ಸಿಕ್ಕಿಲ್ಲ ಎಂಬಲ್ಲಿಂದ ಹೊರಟು, ಅದಕ್ಕೆ ಎಷ್ಟು ಹಣ ಬೇಕು ಎಂಬಲ್ಲಿಗೆ ಸಮಿತಿ ಬಂದಿತ್ತು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆ ಅದರ ಶಿಫಾರಸಾಗಿತ್ತು. ಜನರ ಬಾಯಲ್ಲಿ ಮಾತ್ರ ಉಳಿದದ್ದು ಆ ಮೊತ್ತ, ಸೂಚಕಗಳು ಮರೆತುಹೋದವು. ನನ್ನ ಮಟ್ಟಿಗೆ ಈ ಚರ್ಚೆ ದಾರಿ ತಪ್ಪಿದ್ದು ಅಲ್ಲಿಯೇ.

ಈ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಿತು. ಮಂಡಳಿಯ ಅನುದಾನ 1,500 ಕೋಟಿಯಿಂದ 3,000 ಕೋಟಿಗೆ, 2023-24ರಲ್ಲಿ 5,000 ಕೋಟಿಗೆ ಏರಿತು. ಆದರೆ ಘೋಷಣೆ, ಬಿಡುಗಡೆ ಮತ್ತು ವೆಚ್ಚ ಮೂರೂ ಬೇರೆ ಬೇರೆ ಅಂಕಿಗಳು. ಭಾಷಣಗಳಲ್ಲಿ ಅವು ಒಂದೇ ಆಗಿಬಿಡುತ್ತವೆ. ಮಂಡಳಿಯ ಹಣ ಇಲಾಖೆಗಳ ಮಾಮೂಲಿ ಬಜೆಟ್‌ನ ಮೇಲೆ ಹೆಚ್ಚುವರಿಯಾಗಿ ಸಿಗಬೇಕಾದದ್ದು. ಇಲಾಖೆ ತಾನು ಕಟ್ಟಬೇಕಿದ್ದ ಶಾಲಾ ಕೊಠಡಿಯನ್ನು ಮಂಡಳಿಯ ಕ್ರಿಯಾ ಯೋಜನೆಗೆ ದಾಟಿಸಿದರೆ, ಕಾಗದದಲ್ಲಿ ಮೊತ್ತ ಹೆಚ್ಚಿದರೂ ಮಕ್ಕಳಿಗೆ ಹೆಚ್ಚುವರಿಯಾಗಿ ಏನೂ ದಕ್ಕುವುದಿಲ್ಲ. ಕೊಠಡಿ ಎದ್ದು ನಿಂತರೂ ಗಣಿತ ಕಲಿಸುವ ಕಾಯಂ ಶಿಕ್ಷಕರಿಲ್ಲದಿದ್ದರೆ ಫಲಿತಾಂಶ ಏರದು. ಆ ನೇಮಕಾತಿ ಮಂಡಳಿಯ ಕೈಯಲ್ಲಿಲ್ಲ.

ಕಾಲದ ಲೆಕ್ಕವನ್ನಂತೂ ಯಾರೂ ಹಾಕುವುದಿಲ್ಲ. 2025ರಲ್ಲಿ ಪರೀಕ್ಷೆ ಬರೆದ ಹುಡುಗಿ ಒಂದನೇ ತರಗತಿಗೆ ಸೇರಿದ್ದು ಸುಮಾರು 2015ರಲ್ಲಿ. ಅವಳು ಅಕ್ಷರ ಕಲಿತ ವರ್ಷಗಳಿಗೆ 5,000 ಕೋಟಿಯ ಸೋಂಕೇ ಇಲ್ಲ. ಅಪ್ಪ ಅವ್ವ ಗುಳೆ ಹೋದಾಗ ತಪ್ಪಿದ ತರಗತಿಗಳನ್ನು ಕೊನೆಯ ಎರಡು ವರ್ಷಗಳ ಅನುದಾನ ತುಂಬಿಕೊಡಲಾರದು. ಅಳತೆಗೋಲೂ ಒಂದೇ ಉಳಿದಿಲ್ಲ: 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ಕಣ್ಗಾವಲು) ಬಂದಿತು, ಆ ವರ್ಷ ಕೊಟ್ಟಿದ್ದ ಕೃಪಾಂಕ ಮರುವರ್ಷ ನಿಂತಿತು. ಎರಡು ವರ್ಷಗಳ ಶೇಕಡಾವಾರುಗಳನ್ನು ಪಕ್ಕಪಕ್ಕಕ್ಕಿಟ್ಟು ಆಡಳಿತವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಆದ್ದರಿಂದ ನ್ಯಾಯವಲ್ಲ.

ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು 371(ಜೆ) ವಿಧಿಯೇ ಹೇಳುತ್ತದೆ. ಚಿಂಚೋಳಿಯಲ್ಲಿ, ಔರಾದಿನಲ್ಲಿ, ಸುರಪುರದಲ್ಲಿ ಎಷ್ಟು ಕಾಮಗಾರಿ ಮುಗಿಯಿತು ಎಂಬುದರ ಪಕ್ಕದಲ್ಲೇ, ಆ ತಾಲ್ಲೂಕುಗಳಲ್ಲಿ ಎಷ್ಟು ಶಿಕ್ಷಕರ ಹುದ್ದೆ ಭರ್ತಿಯಾದವು, ಒಂದನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಕ್ಕಳು ಹತ್ತನೆಯ ತರಗತಿಯವರೆಗೆ ಉಳಿದರು ಎಂಬುದನ್ನೂ ಆ ವರದಿಯಲ್ಲಿ ಬರೆಯಬೇಕು.