ಪದ ಪರಿಚಯ: ಆನ್ಸಾಂಬಲ್

ಮೊನ್ನೆ ಭಾನುವಾರ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಇಟಾಲಿಯನ್ ಸಿನಿಮಾ ಹಾಕಿದ್ದೆ. ಗಂಡ ಹೆಂಡತಿ ಸೇರಿ ಸ್ನೇಹಿತರನ್ನು ಊಟಕ್ಕೆ ಕರೆಯುವ ಕತೆ. ಅರ್ಧ ಗಂಟೆ ನೋಡಿದ ಅಮ್ಮ ಕೇಳಿದರು, "ಇದರಲ್ಲಿ ಹೀರೋ ಯಾರು ಮಾರಾಯ?"

ಯಾರೂ ಇಲ್ಲ. ಅಂಥ ಸಿನಿಮಾಕ್ಕೇ ಆನ್ಸಾಂಬಲ್ ಅನ್ನುವುದು. ಫ್ರೆಂಚ್ ಪದ, ಅರ್ಥ 'ಒಟ್ಟಿಗೆ'. ಕತೆಯ ಭಾರ ಒಬ್ಬರ ಹೆಗಲ ಮೇಲೆ ಇರುವುದಿಲ್ಲ. ಐದಾರು ಜನ ಹಂಚಿಕೊಂಡು ಹೊರುತ್ತಾರೆ.

ಹಾಗಂತ ಸ್ಟಾರುಗಳನ್ನು ಗುಡ್ಡೆ ಹಾಕಿದರೆ ಆನ್ಸಾಂಬಲ್ ಆಗುವುದಿಲ್ಲ. ಯಕ್ಷಗಾನ ನೋಡುವವರಿಗೆ ಇದನ್ನು ಹೇಳುವುದು ಸುಲಭ. ಎರಡು ಮೇಳದವರು ಪಕ್ಕಪಕ್ಕದ ರಂಗಸ್ಥಳಗಳಲ್ಲಿ ಪೈಪೋಟಿಗೆ ಬಿದ್ದು ಆಡಿದರೆ ಜೋಡಾಟ. ಎರಡೂ ಮೇಳ ಒಂದೇ ರಂಗಸ್ಥಳದಲ್ಲಿ ಸೇರಿ ಆಡಿದರೆ ಕೂಡಾಟ. ಮಲ್ಟಿಸ್ಟಾರರ್ ಅಂದರೆ ಜೋಡಾಟದ ಹಾಗೆ: ಇವನಿಗೊಂದು ಫೈಟು, ಅವನಿಗೊಂದು ಹಾಡು, ಲೆಕ್ಕ ಚುಕ್ತಾ. ಆನ್ಸಾಂಬಲ್ ಕೂಡಾಟ. ಎದುರಿನವರ ಮಾತು ಕೇಳಿಸಿಕೊಳ್ಳುವುದೂ ಇಲ್ಲಿ ನಟನೆಯೇ.

ಅಮೆರಿಕದ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ 1975ರ 'ನ್ಯಾಶ್‌ವಿಲ್' ಸಿನಿಮಾದಲ್ಲಿ 24 ಮುಖ್ಯ ಪಾತ್ರಗಳನ್ನು ಇಟ್ಟ. ನನಗಂತೂ ಅಷ್ಟು ಜನರ ಹೆಸರು ನೆನಪಿಡಲು ಆಗಲಿಲ್ಲ. ಮನೆಯ ಪಾರ್ಟಿಯ ಸಿನಿಮಾ ಆದರೆ ಆ ತಾಪತ್ರಯ ಇಲ್ಲ, ಕುರ್ಚಿ ಇದ್ದಷ್ಟೇ ಜನ. ಒಂದೇ ಮನೆ, ಒಂದೇ ರಾತ್ರಿ. ಜಗಳ ಆಯಿತೆಂದು ತಕ್ಷಣ ಎದ್ದು ಹೋಗುವ ಹಾಗೂ ಇಲ್ಲ, ಮರ್ಯಾದೆ ಪ್ರಶ್ನೆ. ಕರೆದ ದಂಪತಿಗಳ ಪಾಡು ಇನ್ನೂ ಮಜಾ. ಹಾಲ್‌ನಲ್ಲಿ ನಗು, ಅಡುಗೆಮನೆಯಲ್ಲಿ ಪಿಸುದನಿಯ ಜಗಳ. ಬಾಲ್ಕನಿಯಲ್ಲಿ ಇಬ್ಬರು ಸೇರಿದರೆ ಒಳಗಿದ್ದವರ ಬಗ್ಗೆ ಮಾತು, ಒಳಗಿದ್ದವರು ಸೇರಿದರೆ ಬಾಲ್ಕನಿಯವರ ಬಗ್ಗೆ ಮಾತು. ಡೊಂಬಿವಲಿಯಲ್ಲಿ ಇಂಥ ಸಿನಿಮಾ ತೆಗೆದರೆ ಗಡಿಯಾರವೇ ಬೇಡ, ಕೊನೆಯ ಲೋಕಲ್ ರೈಲು ಸಾಕು.

ನಾವು ನೋಡಿದ್ದು 2016ರ 'ಪರ್ಫೆಕ್ಟ್ ಸ್ಟ್ರೇಂಜರ್ಸ್'. ಏಳು ಜನ, ಒಂದು ಮೇಜು. ಎಲ್ಲರ ಮೊಬೈಲೂ ಮೇಜಿನ ಮೇಲೆ. ಬಂದ ಮೆಸೇಜನ್ನು ಜೋರಾಗಿ ಓದಬೇಕು, ಕರೆ ಬಂದರೆ ಸ್ಪೀಕರ್‌ಗೆ ಹಾಕಬೇಕು. ಸುಮ್ನೆ ಆಟ ಅಂತ ಶುರುವಾಗಿದ್ದು ಎಲ್ಲೆಲ್ಲಿಗೋ ಹೋಗುತ್ತದೆ. ಅತಿ ಹೆಚ್ಚು ರೀಮೇಕ್ ಆದ ಸಿನಿಮಾ ಎಂದು ಗಿನ್ನೆಸ್ ಪುಸ್ತಕಕ್ಕೂ ಸೇರಿತು. ಆಶ್ಚರ್ಯ ಇಲ್ಲ ಬಿಡಿ. ಮೇಜು, ಮೊಬೈಲು, ಮುಚ್ಚಿಟ್ಟ ವಿಷಯ ಯಾವ ಊರಲ್ಲಿ ಇಲ್ಲ?

ನಮ್ಮ ಮುಂಬೈಯದೇ ಬೇಕೆಂದರೆ ಗೋವಿಂದ ನಿಹಲಾನಿಯವರ 1984ರ ಹಿಂದಿ ಸಿನಿಮಾ 'ಪಾರ್ಟಿ' ಇದೆ. ಮಹೇಶ ಎಲಕುಂಚವಾರರ ಮರಾಠಿ ನಾಟಕದಿಂದ ಬಂದದ್ದು. ಇಲ್ಲಿ ಕರೆಯುವುದು ದಂಪತಿಗಳಲ್ಲ, ಶ್ರೀಮಂತ ಹೆಂಗಸೊಬ್ಬರು. ಆ ಪಾತ್ರ ವಿಜಯಾ ಮೆಹ್ತಾ ಅವರದು. ಪ್ರಶಸ್ತಿ ಬಂದ ನಾಟಕಕಾರನಿಗಾಗಿ ಔತಣ. ಆದರೆ ಎಲ್ಲರ ಬಾಯಲ್ಲಿ ಅಮೃತ್ ಎಂಬ ಕವಿಯ ಹೆಸರು. ಆತ ದೂರದಲ್ಲಿ ಆದಿವಾಸಿಗಳ ಜೊತೆ ಇದ್ದಾನೆ, ಪಾರ್ಟಿಗೆ ಬರುವುದೇ ಇಲ್ಲ. ಬಾರದವನು ಬಂದವರನ್ನೆಲ್ಲ ಅಳೆಯುತ್ತಾನೆ! ಆನ್ಸಾಂಬಲ್‌ನಲ್ಲಿ ಖಾಲಿ ಕುರ್ಚಿಯೂ ಒಂದು ಪಾತ್ರವಾಗಬಹುದು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಇಷ್ಟೆಲ್ಲ ಅಮ್ಮನಿಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. ಕಣ್ಣು ಮಾತ್ರ ಪರದೆಯ ಮೇಲಿನ ಊಟದ ಮೇಜಿನ ಮೇಲೇ ಇತ್ತು.

"ಅದೆಲ್ಲ ಸರಿ. ಇವರೆಲ್ಲ ಹೋದ ಮೇಲೆ ಆ ಪಾತ್ರೆ ತೊಳೆಯುವುದು ಗಂಡನಾ, ಹೆಂಡತಿಯಾ?"